ಗಡಿಯಲ್ಲೇ ಕೂತ ಕಾರ್ಖಾನೆ

ಮನೆಯಲ್ಲಿ ಬಿ.ಪಿ., ಶುಗರ್ ಇರುವವರು ಯಾರಾದರೂ ಇದ್ದರೆ ಅವರ ಮಾತ್ರೆಯ ಸ್ಟ್ರಿಪ್ ಒಂದನ್ನು ಬೆಳಕಿಗೆ ಹಿಡಿದು ನೋಡಿ. ಬೆಳ್ಳಿ ಹಾಳೆಯ ಹಿಂಬದಿಯಲ್ಲಿ, ಬ್ಯಾಚ್ ನಂಬರು ಮತ್ತು ಎಂಆರ್‌ಪಿಯ ಆಸುಪಾಸಿನಲ್ಲಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಂದು ವಿಳಾಸವಿರುತ್ತದೆ. ಮಾರುವ ಕಂಪನಿ ಮುಂಬೈಯದೋ ಅಹಮದಾಬಾದಿನದೋ ಆಗಿರಬಹುದು. ತಯಾರಾದ ಜಾಗ ಮಾತ್ರ ಬಹಳ ಸಲ ಒಂದೇ: ಬದ್ದಿ, ಜಿಲ್ಲೆ ಸೋಲನ್, ಹಿಮಾಚಲ ಪ್ರದೇಶ. ಒಂದು ಭಾನುವಾರ ನಮ್ಮಮ್ಮನ ಮಾತ್ರೆ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಎಣಿಸಿದೆ. ಆರು ಬಗೆಯ ಮಾತ್ರೆಗಳಲ್ಲಿ ಮೂರು ಬದ್ದಿಯವು, ಒಂದು ಹರಿದ್ವಾರದ್ದು, ಒಂದು ಸಿಕ್ಕಿಂನದ್ದು. ‘ಎಲ್ಲವೂ ತೀರ್ಥಯಾತ್ರೆ ಮುಗಿಸಿಕೊಂಡೇ ಬಂದಿವೆ ಬಿಡು’ ಎಂದರು ಅಮ್ಮ.

ಹಿಮಾಲಯದ ಬುಡದಲ್ಲಿ ಔಷಧ ಕಾರ್ಖಾನೆಗಳು ಏಳಲು ಗಿಡಮೂಲಿಕೆ ಕಾರಣವಲ್ಲ. ಮಾತ್ರೆಗೆ ಬೇಕಾದ ರಾಸಾಯನಿಕ ಹೈದರಾಬಾದಿನಿಂದಲೋ ಗುಜರಾತಿನಿಂದಲೋ ಚೀನಾದಿಂದಲೋ ಬರಬೇಕು. ಹತ್ತಿರದಲ್ಲಿ ಬಂದರಿಲ್ಲ. ಕಾರ್ಖಾನೆಗಳು ಎದ್ದಾಗ ಬದ್ದಿಗೆ ರೈಲೂ ಇರಲಿಲ್ಲ. ಚಂಡೀಗಢದಿಂದ ಅಲ್ಲಿಗೆ ಹಳಿ ಹಾಕುವ ಕೆಲಸ ಶುರುವಾದದ್ದೇ ಈಚೆಗೆ. ತಯಾರಾದ ಮಾಲು ಬೆಂಗಳೂರಿನ ಮೆಡಿಕಲ್ ಸ್ಟೋರಿಗೆ ಬರಲು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಲಾರಿ ಓಡಬೇಕು. ಇಷ್ಟೆಲ್ಲ ಅಡ್ಡಿ ಇದ್ದೂ ಅಲ್ಲಿಗೆ ಹೋದರೆಂದರೆ ಅದಕ್ಕೆ ಕಾರಣ 2003ರ ಜನವರಿ 7ರ ಒಂದು ಸರ್ಕಾರಿ ಆದೇಶ.

ವಾಜಪೇಯಿ ಸರ್ಕಾರ ಅಂದು ಹಿಮಾಚಲಕ್ಕೂ, ಆಗಿನ್ನೂ ಎರಡು ವರ್ಷದ ಕೂಸಾಗಿದ್ದ ಉತ್ತರಾಂಚಲಕ್ಕೂ (ಈಗಿನ ಉತ್ತರಾಖಂಡ) ವಿಶೇಷ ಪ್ಯಾಕೇಜ್ ಕೊಟ್ಟಿತು. ಅಲ್ಲಿ ಹೊಸ ಕಾರ್ಖಾನೆ ಹಾಕಿದವರಿಗೆ ಹತ್ತು ವರ್ಷ ಕೇಂದ್ರ ಅಬಕಾರಿ ಸುಂಕ ಪೂರ್ತಿ ಮಾಫಿ. ಲಾಭದ ಮೇಲಿನ ಆದಾಯ ತೆರಿಗೆ ಮೊದಲ ಐದು ವರ್ಷ ಪೂರ್ತಿ ಮಾಫಿ, ಮುಂದಿನ ಐದು ವರ್ಷ ಕಂಪನಿಗಳಿಗೆ ಲಾಭದ ಶೇ 30ರಷ್ಟಕ್ಕೆ ರಿಯಾಯಿತಿ. ಯಂತ್ರೋಪಕರಣಕ್ಕೆ ಸುರಿದ ದುಡ್ಡಿನಲ್ಲಿ ಶೇ 15, ಹೆಚ್ಚೆಂದರೆ 30 ಲಕ್ಷ ರೂಪಾಯಿ ಸಹಾಯಧನ. ಅಬಕಾರಿ ಎಂದೊಡನೆ ನಮಗೆ ಸಾರಾಯಿ ನೆನಪಾಗುತ್ತದೆ; ಆದರೆ ಜಿಎಸ್‌ಟಿ ಬರುವ ಮುಂಚೆ ಸೋಪು, ಟೈರು, ಮಾತ್ರೆ, ಮಿಕ್ಸಿ ಹೀಗೆ ಕಾರ್ಖಾನೆಯಿಂದ ಹೊರಬೀಳುವ ಬಹುತೇಕ ಎಲ್ಲದರ ಮೇಲೂ ಕೇಂದ್ರ ಹಾಕುತ್ತಿದ್ದ ಸುಂಕದ ಹೆಸರೂ ಅದೇ.

ಇದರಲ್ಲೊಂದು ತಮಾಷೆ ಇದೆ. ಕಾರ್ಖಾನೆಗಳನ್ನು ಸೆಳೆಯಲು ರಾಜ್ಯಗಳು ಪೈಪೋಟಿಗೆ ಬಿದ್ದು ಮಾರಾಟ ತೆರಿಗೆ ಮನ್ನಾ ಮಾಡುತ್ತ ಬೊಕ್ಕಸ ಬರಿದು ಮಾಡಿಕೊಳ್ಳುತ್ತಿದ್ದವು. 1999ರ ನವೆಂಬರಿನಲ್ಲಿ ಕೇಂದ್ರದ ಮುಂದಾಳತ್ವದಲ್ಲೇ ಮುಖ್ಯಮಂತ್ರಿಗಳೆಲ್ಲ ಕೂತು, 2000ದ ಜನವರಿ 1ರಿಂದ ಈ ಚಾಳಿ ಬಿಡೋಣ ಎಂದು ಒಪ್ಪಿಕೊಂಡಿದ್ದರು. ಮೂರೇ ವರ್ಷದಲ್ಲಿ ಬುದ್ಧಿ ಹೇಳಿದವರೇ ದೊಡ್ಡ ಅಂಗಡಿ ತೆರೆದರು. ಪಕ್ಕದ ಪಂಜಾಬಿನ ಉದ್ಯಮಿಗಳ ಹೊಟ್ಟೆಗೆ ಬೆಂಕಿ ಬಿದ್ದದ್ದು ಸಹಜ. ಅಧಿಕಾರದಲ್ಲಿ ಯಾವ ಪಕ್ಷವೇ ಇರಲಿ, ಪಂಜಾಬ್ ಸರ್ಕಾರ ಈ ವಿನಾಯಿತಿ ನಿಲ್ಲಿಸಿ ಎಂದು ವರ್ಷಗಟ್ಟಲೆ ದಿಲ್ಲಿಯ ಬಾಗಿಲು ಬಡಿಯಿತು.

ಮಾತ್ರೆಯ ಲೆಕ್ಕ

ಎಲ್ಲ ಬಿಟ್ಟು ಔಷಧವೇ ಏಕೆ ಅಲ್ಲಿಗೆ ಓಡಿತು ಎಂಬುದಕ್ಕೆ ಸಣ್ಣ ಲೆಕ್ಕವೊಂದನ್ನು ನೋಡಬೇಕು. ನೂರು ರೂಪಾಯಿ ಎಂಆರ್‌ಪಿಯ ಒಂದು ಸ್ಟ್ರಿಪ್ ಇದೆ, ಅದು ಕಾರ್ಖಾನೆಯ ಬಾಗಿಲು ದಾಟುವಾಗ ಅದರ ಬೆಲೆ ಮೂವತ್ತು ಎಂದಿಟ್ಟುಕೊಳ್ಳಿ. 2005ಕ್ಕೆ ಮುಂಚೆ ಸುಂಕ ಬೀಳುತ್ತಿದ್ದದ್ದು ಆ ಮೂವತ್ತರ ಮೇಲೆ. ಶೇ 16ರ ದರದಲ್ಲಿ 4 ರೂಪಾಯಿ 80 ಪೈಸೆ. 2005ರ ಜನವರಿಯಿಂದ ಔಷಧಕ್ಕೆ ಎಂಆರ್‌ಪಿ ಆಧರಿಸಿ ಸುಂಕ ಹಾಕುವ ಪದ್ಧತಿ ಬಂತು. ಎಂಆರ್‌ಪಿಯಲ್ಲಿ ಶೇ 40 ಬಿಟ್ಟು ಉಳಿದ ಅರವತ್ತು ರೂಪಾಯಿಗೆ ಶೇ 16 ಎಂದರೆ 9 ರೂಪಾಯಿ 60 ಪೈಸೆ. ಬೇರೆ ಕಡೆ ಇದ್ದವನ ಸುಂಕ ಒಂದೇ ಏಟಿಗೆ ಇಮ್ಮಡಿಯಾಯಿತು, ಬದ್ದಿಯಲ್ಲಿ ಇದ್ದವನದು ಸೊನ್ನೆಯಲ್ಲೇ ಉಳಿಯಿತು. ಕಚ್ಚಾವಸ್ತುವಿಗೆ ಕಟ್ಟಿದ ಸುಂಕದ ಕ್ರೆಡಿಟ್ ಬದ್ದಿಯವನಿಗೆ ಸಿಗುತ್ತಿರಲಿಲ್ಲ. ಆ ನಷ್ಟ ಕಳೆದರೂ ಮಿಗುತ್ತಿದ್ದದ್ದು ಕಡಿಮೆಯಲ್ಲ. ಮಾತ್ರೆ ಹಗುರ, ಬೆಲೆ ಜಾಸ್ತಿ. ಲಾರಿ ಬಾಡಿಗೆ ಅದಕ್ಕೆ ಲೆಕ್ಕವೇ ಅಲ್ಲ. ಸಿಮೆಂಟಿಗೋ ಮಂಗಳೂರು ಹೆಂಚಿಗೋ ಈ ಆಟ ಆಗುವುದಿಲ್ಲ.

ಸ್ವಂತ ಕಾರ್ಖಾನೆ ಹಾಕಬೇಕೆಂದೂ ಇರಲಿಲ್ಲ. ಬದ್ದಿಯಲ್ಲಿ ಒಬ್ಬ ಷೆಡ್ ಕಟ್ಟಿ ಯಂತ್ರ ಕೂರಿಸಿ ಹತ್ತು ಕಂಪನಿಗಳಿಗೆ ಮಾತ್ರೆ ಒತ್ತಿ ಕೊಡಬಹುದು. ಔಷಧದವರ ಮಾತಿನಲ್ಲಿ ಇದು ‘ಥರ್ಡ್ ಪಾರ್ಟಿ’ ಅಥವಾ ‘ಲೋನ್ ಲೈಸೆನ್ಸ್’. ಸ್ಟ್ರಿಪ್ಪಿನ ಹಿಂದೆ ‘ತಯಾರಿಸಿದವರು’ ಒಬ್ಬರು, ‘ಮಾರುವವರು’ ಇನ್ನೊಬ್ಬರು ಇರುವುದು ಇದಕ್ಕೇ. ಉಳಿದ ಸುಂಕದಲ್ಲಿ ಅಮ್ಮನಂಥ ಗಿರಾಕಿಗೆ ಏನಾದರೂ ದಕ್ಕಿತೇ ಎಂದು ಕೇಳಿದರೆ, ಬದ್ದಿಯ ಮಾತ್ರೆಗೆ ಬೇರೆ ಎಂಆರ್‌ಪಿ ಇದ್ದದ್ದನ್ನು ನಾನಂತೂ ಕಂಡಿಲ್ಲ.

ವಿನಾಯಿತಿ ಇಡೀ ರಾಜ್ಯಕ್ಕೆಲ್ಲ ಒಂದೇ ಸಮ ಇರಲಿಲ್ಲ. ಸರ್ಕಾರ ಗುರುತಿಸಿದ ಕೆಲವು ಆದ್ಯತೆಯ ಉದ್ಯಮಗಳು ಎಲ್ಲಿ ಬೇಕಾದರೂ ಕೂರಬಹುದಿತ್ತು. ಮಿಕ್ಕವಕ್ಕೆ ಅಧಿಸೂಚನೆಯ ಅನುಬಂಧದಲ್ಲಿ ಹಳ್ಳಿ ಹಳ್ಳಿಯ ಖಸ್ರಾ ನಂಬರು, ಅಂದರೆ ನಮ್ಮ ಸರ್ವೆ ನಂಬರು, ಪುಟಗಟ್ಟಲೆ ಪಟ್ಟಿ ಮಾಡಿದ್ದರು. ಪಟ್ಟಿಯಲ್ಲಿರುವ ಗದ್ದೆಯಲ್ಲಿ ಕಾರ್ಖಾನೆ ಎದ್ದರೆ ಹತ್ತು ವರ್ಷ ಸುಂಕವಿಲ್ಲ. ಬದುವಿನ ಆಚೆಯ, ಪಟ್ಟಿಗೆ ಸೇರದ ಗದ್ದೆಯಲ್ಲಿ ಎದ್ದರೆ ಪೂರ್ತಿ ಸುಂಕ. ದಿಲ್ಲಿಯ ಟೈಪಿಸ್ಟ್ ಒಂದು ಅಂಕಿ ಆಚೀಚೆ ಹೊಡೆದಿದ್ದರೆ ಯಾರದೋ ಮನೆತನದ ಹಣೆಬರಹ ಬದಲಾಗುತ್ತಿತ್ತು. ಸರ್ಕಾರ ಬಿಟ್ಟುಕೊಡುವ ತೆರಿಗೆಯ ಒಂದು ಪಾಲು ಉದ್ಯಮಿಯ ಕೈಗೂ ಹೋಗದೆ ಜಮೀನಿನ ಬೆಲೆಯೊಳಗೆ ಇಂಗಿಹೋಗುತ್ತದೆ ಎಂದು ಅರ್ಥಶಾಸ್ತ್ರದವರು ಹೇಳುವುದು ಇದನ್ನೇ. ಎಕರೆಗೆ ಇಷ್ಟು ಎಂದು ರೈತ ಕೇಳುವ ಬೆಲೆಯಲ್ಲಿ ಬೆಳೆಯ ಲೆಕ್ಕದ ಜೊತೆ ಹತ್ತು ವರ್ಷದ ಸುಂಕವೂ ಸೇರಿರುತ್ತದೆ. ರೈತ ಮಾರುವ ಮೊದಲೇ ದಲ್ಲಾಳಿ ಅಗ್ರಿಮೆಂಟ್ ಹಾಕಿಕೊಂಡಿದ್ದರೆ ಅದೂ ಅವನಿಗೆ ತಪ್ಪಿತು.

ಹಾಗೆಂದು ಕೆಲಸ ಹುಟ್ಟಲಿಲ್ಲ ಎನ್ನಲಾಗದು. ಬದ್ದಿ–ಬರೋಟಿವಾಲಾ–ನಾಲಾಗಢ ಪಟ್ಟಿ ಇಂದು ದೇಶದ ಔಷಧ ತಯಾರಿಕೆಯ ಬಹುದೊಡ್ಡ ಕೇಂದ್ರಗಳಲ್ಲಿ ಒಂದು. ಉತ್ತರಾಖಂಡದ ಪಂತನಗರಕ್ಕೆ ಟಾಟಾ, ಬಜಾಜ್, ಅಶೋಕ್ ಲೇಲ್ಯಾಂಡ್, ಹರಿದ್ವಾರಕ್ಕೆ ಹೀರೊ ಹೋಂಡಾ ಬಂದವು. ಈ ವಿನಾಯಿತಿ ಸಿಕ್ಕ ಕಡೆಯನ್ನು ಅಕ್ಕಪಕ್ಕದ ರಾಜ್ಯಗಳ ಜೊತೆ ಹೋಲಿಸಿ ಅರ್ಥಶಾಸ್ತ್ರಜ್ಞ ರಿತಮ್ ಚೌರೆ 2017ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಹೆಚ್ಚು ಉಲ್ಲೇಖಗೊಳ್ಳುವಂಥದು. ಅವರ ಪ್ರಕಾರ ಕಾರ್ಖಾನೆಗಳ ಸಂಖ್ಯೆ, ಹೂಡಿಕೆ, ಉತ್ಪಾದನೆ, ಉದ್ಯೋಗ ಎಲ್ಲವೂ ಗಣನೀಯವಾಗಿ ಏರಿದವು, ಕೂಲಿಯೂ ಏರಿತು. ಪಕ್ಕದ ರಾಜ್ಯದ ಕಾರ್ಖಾನೆಗಳೇ ಗಂಟುಮೂಟೆ ಕಟ್ಟಿಕೊಂಡು ಬಂದವು ಎಂಬುದಕ್ಕೆ ಅವರಿಗೆ ಪುರಾವೆ ಸಿಗಲಿಲ್ಲ. ಪಂಜಾಬಿನವರ ಅಳಲನ್ನು ಕೇಳಿ ನಾನು ಮೊದಲೇ ಒಂದು ತೀರ್ಮಾನಕ್ಕೆ ಬಂದಿದ್ದೆ. ಆ ಅಧ್ಯಯನ ಓದಿದ ಮೇಲೆ ದನಿ ಸ್ವಲ್ಪ ತಗ್ಗಿಸಬೇಕಾಯಿತು.

ಬೆಟ್ಟ ಹತ್ತದ ಲಾರಿ

ಆದರೆ ಭೂಪಟ ಬಿಡಿಸಿ ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. ಬದ್ದಿ ಇರುವುದು ಚಂಡೀಗಢದಿಂದ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಹರಿಯಾಣ ಮತ್ತು ಪಂಜಾಬಿನ ಗಡಿಗೆ ಆತುಕೊಂಡು. ಹಿಮಾಚಲದ ಉಳಿದ ಕೈಗಾರಿಕಾ ಊರುಗಳಾದ ಪರ್ವಾಣೂ, ಕಾಲಾ ಅಂಬ್, ಪಾಂವಟಾ ಸಾಹಿಬ್‌ಗಳೂ ಅಷ್ಟೆ. ಬಯಲು ಮುಗಿದು ಬೆಟ್ಟ ಶುರುವಾಗುವ ಗೆರೆಯ ಮೇಲೆ, ರಾಜ್ಯದ ಹೊಸ್ತಿಲಲ್ಲಿ ಕೂತಿವೆ. ಉತ್ತರಾಖಂಡದಲ್ಲಿ ಹರಿದ್ವಾರ, ರೂರ್ಕಿ, ಕಾಶೀಪುರ, ರುದ್ರಪುರ, ಪಂತನಗರ, ಸಿತಾರ್‌ಗಂಜ್, ಎಲ್ಲವೂ ಉತ್ತರ ಪ್ರದೇಶದ ಗಡಿಗೆ ತಾಗಿದ ಬಯಲು. ಬೆಟ್ಟದ ಬಡತನದ ಹೆಸರಿನಲ್ಲಿ ಕೊಟ್ಟ ವಿನಾಯಿತಿಯನ್ನು ಬಯಲು ಉಂಡಿತು. ಲಾರಿ ಬೆಟ್ಟ ಹತ್ತಲೇ ಇಲ್ಲ.

ಉದ್ಯಮಿಯನ್ನು ಬೈದು ಫಲವಿಲ್ಲ. ಪಟ್ಟಿಯಲ್ಲಿರುವ ಯಾವ ಜಾಗಕ್ಕೆ ಹೋದರೂ ರಿಯಾಯಿತಿ ಅಷ್ಟೇ ಎಂದಮೇಲೆ ರಸ್ತೆ, ಕರೆಂಟು, ಮಕ್ಕಳಿಗೆ ಇಂಗ್ಲಿಷ್ ಶಾಲೆ, ಮ್ಯಾನೇಜರನ ಹೆಂಡತಿಗೆ ಒಂದು ಊರು ಅನ್ನಿಸುವಂಥ ಊರು, ಇವೆಲ್ಲ ಹತ್ತಿರವಿರುವ ಕಡೆಯೇ ಆತ ಕೂರುತ್ತಾನೆ. ಚಂಡೀಗಢದಲ್ಲಿ ಮನೆ, ಬದ್ದಿಯಲ್ಲಿ ಕೆಲಸ. ಉತ್ತರಾಖಂಡದ ಬೆಟ್ಟದ ಮೇಲಿನ ಚಮೋಲಿಯಲ್ಲಿ ಭೂಕುಸಿತದಿಂದ ವಾರಗಟ್ಟಲೆ ಮುಚ್ಚುವ ದಾರಿಯ ನಷ್ಟವನ್ನು ಯಾವ ತೆರಿಗೆ ರಜೆಯೂ ತುಂಬಿಕೊಡದು.

2001 ಮತ್ತು 2011ರ ಜನಗಣತಿಗಳನ್ನು ಅಕ್ಕಪಕ್ಕ ಇಟ್ಟರೆ ಈ ಗೆರೆ ಎದ್ದು ಕಾಣುತ್ತದೆ. ಆ ಹತ್ತು ವರ್ಷದಲ್ಲಿ ಪಂತನಗರ ಇರುವ ಊಧಮ್ ಸಿಂಗ್ ನಗರ ಜಿಲ್ಲೆಯ ಜನಸಂಖ್ಯೆ ಶೇ 33ರಷ್ಟು, ಹರಿದ್ವಾರದ್ದು ಶೇ 30ರಷ್ಟು ಹೆಚ್ಚಿತು. ಬೆಟ್ಟದ ಮೇಲಿನ ಅಲ್ಮೋಡಾ ಮತ್ತು ಪೌಡಿ ಗಢವಾಲ್ ಜಿಲ್ಲೆಗಳಲ್ಲಿ ಜನಸಂಖ್ಯೆ ಇಳಿಯಿತು. ಕೂಸು ಹುಟ್ಟುವುದು ನಿಂತಿರಲಿಲ್ಲ. ಜನ ಮನೆಗೆ ಬೀಗ ಹಾಕಿ ಕೆಳಗಿಳಿದರು. ಮನುಷ್ಯರೇ ಇಲ್ಲದ ಸಾವಿರಕ್ಕೂ ಹೆಚ್ಚು ಹಳ್ಳಿಗಳನ್ನು ಆ ಗಣತಿ ಉತ್ತರಾಖಂಡದಲ್ಲಿ ಪಟ್ಟಿ ಮಾಡಿದೆ.

ಇನ್ನೂ ಒಂದು ಸಂಗತಿ ನನ್ನನ್ನು ಬಹಳ ದಿನ ಕಾಡಿತು. ತೀರ ಹಿಂದುಳಿದ ಜಿಲ್ಲೆಗಳನ್ನು ಆರಿಸಿ 2018ರಲ್ಲಿ ಕೇಂದ್ರ ಸರ್ಕಾರ ‘ಮಹತ್ವಾಕಾಂಕ್ಷಿ ಜಿಲ್ಲೆ’ಗಳ ಪಟ್ಟಿ ಮಾಡಿತು. ಹಿಮಾಚಲದಿಂದ ಅದರಲ್ಲಿರುವುದು ಚಂಬಾ, ಒಳನಾಡಿನ ಬೆಟ್ಟದ ಜಿಲ್ಲೆ; ನಿರೀಕ್ಷಿತವೇ. ಉತ್ತರಾಖಂಡದಿಂದ ಇರುವ ಎರಡು ಯಾವುವು ಗೊತ್ತೇ? ಹರಿದ್ವಾರ ಮತ್ತು ಊಧಮ್ ಸಿಂಗ್ ನಗರ! ಕಾರ್ಖಾನೆಗಳು ಮುಗಿಬಿದ್ದ ಅದೇ ಎರಡು ಜಿಲ್ಲೆಗಳು. ಕಾರ್ಖಾನೆಯ ಉತ್ಪಾದನೆ ಸೇರಿಸಿ ಲೆಕ್ಕ ಹಾಕುವ ತಲಾ ಆದಾಯದಲ್ಲಿ ಅವು ಮುಂದೆ. ಶಾಲೆ, ಆಸ್ಪತ್ರೆ, ಮಕ್ಕಳ ತೂಕ ಅಳೆದರೆ ಹಿಂದೆ. ಕಾಂಪೌಂಡಿನ ಒಳಗಿನದು ಒಂದು ಜಿಲ್ಲೆ, ಹೊರಗಿನದು ಇನ್ನೊಂದು.

ಸ್ಥಳೀಯರಿಗೆ ಶೇ 70 ಕೆಲಸ ಕೊಡಬೇಕೆಂಬ ಷರತ್ತು ಎರಡೂ ರಾಜ್ಯಗಳಲ್ಲಿತ್ತು. ‘ನಮ್ಮ ರೋಲ್‌ನಲ್ಲಿ ಇರುವವರಲ್ಲಿ ಎಪ್ಪತ್ತು ಪರ್ಸೆಂಟ್ ಇಲ್ಲಿಯವರೇ’ ಎಂದು ಲೆಕ್ಕ ತೋರಿಸುವುದು ಕಷ್ಟವಲ್ಲ. ಗುತ್ತಿಗೆದಾರನ ಮೂಲಕ ಬಂದವರನ್ನು ಆ ರೋಲ್‌ಗೆ ಸೇರಿಸದಿದ್ದರಾಯಿತು. ಷರತ್ತು ಹಾಕಿದವರು ಚಾಪೆ ಕೆಳಗೆ ತೂರಿದರೆ ಪಾಲಿಸುವವರು ರಂಗೋಲಿ ಕೆಳಗೆ ತೂರುತ್ತಾರೆ. ಕೆಲಸ ಯಾರಿಗೆ ಹೋದರೂ ಬದ್ದಿಯ ಕೊಳೆ ಇಳಿದದ್ದು ಮಾತ್ರ ಸಿರ್ಸಾ ನದಿಗೆ, ಅಲ್ಲಿಂದ ಸಟ್ಲೆಜ್‌ಗೆ.

ಐವತ್ತು ಮೈಲಿಯ ಗೆರೆ

ಇದು ಉತ್ತರದವರ ಪಾಡು ಎಂದು ಕೈತೊಳೆದುಕೊಳ್ಳುವ ಹಾಗಿಲ್ಲ. ಬೆಳಿಗ್ಗೆ ಏಳಕ್ಕೆ ಮುಂಚೆ ಎಲೆಕ್ಟ್ರಾನಿಕ್ ಸಿಟಿಯ ಫ್ಲೈಓವರ್ ಇಳಿದು ಅತ್ತಿಬೆಲೆಯ ಕಡೆ ನೋಡಿದರೆ ಕಂಪನಿ ಬಸ್ಸುಗಳ ಸಾಲು ತಮಿಳುನಾಡಿನ ಕಡೆ ಹೋಗುತ್ತಿರುತ್ತದೆ. ಕಿಟಕಿಗೆ ತಲೆ ಆನಿಸಿ ನಿದ್ದೆ ತೂಗುವವರು ಬೊಮ್ಮನಹಳ್ಳಿ, ಚಂದಾಪುರ, ಜಯನಗರದವರು. ಹೋಗುವುದು ಹೊಸೂರಿಗೆ, ಬೆಂಗಳೂರಿನಿಂದ 40 ಕಿಲೋಮೀಟರ್.

1968ರಲ್ಲಿ ಕೇಂದ್ರ ಸರ್ಕಾರ ಎರಡು ತಂಡಗಳನ್ನು ನೇಮಿಸಿತ್ತು. ಯಾವುದು ಹಿಂದುಳಿದ ಪ್ರದೇಶ ಎಂದು ಗುರುತಿಸಲು ಬಿ.ಡಿ. ಪಾಂಡೆ ತಂಡ, ಅಲ್ಲಿ ಕೈಗಾರಿಕೆಗೆ ಏನು ಆಮಿಷ ಒಡ್ಡಬೇಕು ಎಂದು ಹೇಳಲು ಎನ್.ಎನ್. ವಾಂಛೂ ತಂಡ. ಪಾಂಡೆಯವರು ಮುಂದಿಟ್ಟ ಅಳತೆಗೋಲುಗಳಲ್ಲಿ ಒಂದು ಬಹಳ ಜಾಣತನದ್ದು: ದೊಡ್ಡ ನಗರದಿಂದ ಅಥವಾ ದೊಡ್ಡ ಕೈಗಾರಿಕೆಯಿಂದ ಸುಮಾರು 50 ಮೈಲಿ ಆಚೆ ಇರುವ ಜಿಲ್ಲೆಗಳನ್ನೇ ಪರಿಗಣಿಸಿ. ಅಂದರೆ 80 ಕಿಲೋಮೀಟರ್. ನಗರ ಹೇಗೂ ತನ್ನ ಅಂಚಿಗೆ ಹಬ್ಬುತ್ತದೆ, ಅದಕ್ಕೆ ಸರ್ಕಾರದ ದುಡ್ಡು ಏಕೆ ಎಂಬುದು ಅದರ ಹಿಂದಿನ ತರ್ಕ.

1971ರಲ್ಲಿ ಕೇಂದ್ರದ ಬಂಡವಾಳ ಸಹಾಯಧನ ಶುರುವಾಯಿತು. ಮೊದಲು ಶೇ 10, ಮುಂದೆ ಶೇ 15. ಜೊತೆಗೆ ಹಿಂದುಳಿದ ಪ್ರದೇಶದ ಕಾರ್ಖಾನೆಯ ಲಾಭದಲ್ಲಿ ಶೇ 20ಕ್ಕೆ ಹತ್ತು ವರ್ಷ ಆದಾಯ ತೆರಿಗೆ ರಿಯಾಯಿತಿಯೂ ಬಂತು. ಹಳೆಯ ಲೆಕ್ಕಪರಿಶೋಧಕರಿಗೆ 80 ಎಚ್‌ಎಚ್ ಎಂದರೆ ಈಗಲೂ ನೆನಪಿರಬೇಕು. ಪಟ್ಟಿ ಮಾಡುವಾಗ ಜಿಲ್ಲೆಯನ್ನೇ ಘಟಕವಾಗಿ ತೆಗೆದುಕೊಂಡರು. ತಮಿಳುನಾಡಿನ ಧರ್ಮಪುರಿ ಹಿಂದುಳಿದ ಜಿಲ್ಲೆಯಾಗಿ ಪಟ್ಟಿಗೆ ಸೇರಿತು. ಧರ್ಮಪುರಿ ಪಟ್ಟಣ ಬೆಂಗಳೂರಿನಿಂದ ದೂರವೇ ಇದೆ, ಬರಡು ನೆಲ, ಬಡತನ, ಎಲ್ಲವೂ ನಿಜ. ಆದರೆ ಆಗ ಅದೇ ಜಿಲ್ಲೆಗೆ ಸೇರಿದ್ದ ಹೊಸೂರು ತಾಲ್ಲೂಕು ನಮ್ಮ ಆನೇಕಲ್ಲಿಗೆ ಬೆನ್ನು ಹಚ್ಚಿಕೊಂಡಿದೆ. ಕನ್ನಡ, ತೆಲುಗು, ತಮಿಳು ಮೂರನ್ನೂ ಕಲಸಿ ಮಾತಾಡುವ ಊರು. ಬೆಂಗಳೂರಿನ ಬಿಡಿಭಾಗದ ವರ್ಕ್‌ಷಾಪುಗಳು, ಎಚ್‌ಎಂಟಿ–ಎಚ್‌ಎಎಲ್–ಬಿಇಎಲ್‌ಗಳಲ್ಲಿ ಪಳಗಿದ ಕೈಗಳು, ವಿಮಾನ ನಿಲ್ದಾಣ, ಕಾಲೇಜು, ಎಲ್ಲವೂ ಗಂಟೆಯ ದಾರಿ. ಹಿಂದುಳಿದ ಜಿಲ್ಲೆಯ ಸೌಲಭ್ಯವೂ ಇದೆ. ತಮಿಳುನಾಡು ಸರ್ಕಾರ 1971ರಲ್ಲಿ ಹುಟ್ಟುಹಾಕಿದ ಸಿಪ್ಕಾಟ್ ಅಲ್ಲಿ ಕೈಗಾರಿಕಾ ಪ್ರದೇಶ ಮಾಡಿತು. 1980ರ ಹೊತ್ತಿಗೆ ಅಶೋಕ್ ಲೇಲ್ಯಾಂಡ್ ಬಂತು, ಟಿವಿಎಸ್‌ನ ಮೊಪೆಡ್ ಬಂತು, ಆ ದಶಕದಲ್ಲೇ ಟೈಟಾನ್ ವಾಚು ಬಂತು. ಜಿಲ್ಲೆಯ ಒಳಗಿನ ಪಾಲಕ್ಕೋಡು, ಹರೂರುಗಳಿಗೆ ಅಂಥ ಸಾಲು ಬರಲಿಲ್ಲ. 2004ರಲ್ಲಿ ಜಿಲ್ಲೆ ಒಡೆದು ಕೃಷ್ಣಗಿರಿ ಬೇರೆಯಾದಾಗ ಹೊಸೂರು ಅದಕ್ಕೆ ಹೋಯಿತು. ಯಾವ ಧರ್ಮಪುರಿಯ ಬಡತನದ ಹೆಸರಿನಲ್ಲಿ ಕಾರ್ಖಾನೆಗಳು ಬಂದಿದ್ದವೋ ಆ ಧರ್ಮಪುರಿಗೆ ಈಗ ಲೆಕ್ಕಕ್ಕೂ ಹೊಸೂರು ಇಲ್ಲ.

ಪಾಂಡೆಯವರ 50 ಮೈಲಿಯನ್ನು ತಾಲ್ಲೂಕಿನ ಮಟ್ಟದಲ್ಲಿ ಅಳೆದಿದ್ದರೆ ಹೊಸೂರಿಗೆ ಒಂದು ಪೈಸೆ ಸಿಗುತ್ತಿರಲಿಲ್ಲ. ಬೆಂಗಳೂರಿನವರಾದ ನಾವು ‘ತಮಿಳುನಾಡು ನಮ್ಮ ಕಾರ್ಖಾನೆ ಕದ್ದಿತು’ ಎಂದು ಗೊಣಗುವುದುಂಟು. ನಾವೂ ಕಡಿಮೆಯೇನಲ್ಲ: ಅದೇ ಕೇಂದ್ರ ಸಹಾಯಧನಕ್ಕೆ ಕರ್ನಾಟಕದಿಂದ ಆರಿಸಿದ ಜಿಲ್ಲೆಗಳಲ್ಲಿ ರಾಯಚೂರಿನ ಜೊತೆಗೆ ಮೈಸೂರೂ ಇತ್ತು. ಅರಮನೆಯ ಊರನ್ನೂ ಮಸ್ಕಿಯ ಸೀಮೆಯನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದರೆ ಬಡಿಸುವವನ ಸೌಟು ಯಾವ ಕಡೆ ವಾಲುತ್ತದೆ ಎಂದು ಹೇಳಬೇಕಿಲ್ಲ.

ಆದರೂ ಹೊಸೂರಿನ ಕಥೆಯಲ್ಲಿ ಟೈಟಾನ್ ಕಂಪನಿಯ ಮೊದಲ ದಿನಗಳನ್ನು ನೆನೆಯಬೇಕು. ಕೈಗಡಿಯಾರದ ಕೆಲಸ ಬಲ್ಲವರನ್ನು ಬೆಂಗಳೂರಿನಿಂದ ಎತ್ತಿಕೊಂಡು ಬರುವುದು ಸುಲಭವಿತ್ತು. ಅದರ ಬದಲು ಅವರು ತಮಿಳುನಾಡಿನ ಸಣ್ಣ ಊರುಗಳ ಶಾಲೆಗಳಿಗೆ ಹೋಗಿ, ಆಗಷ್ಟೇ ಓದು ಮುಗಿಸಿದ ಹುಡುಗ ಹುಡುಗಿಯರನ್ನು ಆರಿಸಿ ತಂದು ಕಲಿಸಿದರು. ಹದಿನೇಳು ಹದಿನೆಂಟರ ಮಕ್ಕಳು ಬಿಳಿ ಕೋಟು ತೊಟ್ಟು ಭೂತಗನ್ನಡಿಯಲ್ಲಿ ಬಿಡಿಭಾಗ ಜೋಡಿಸುವುದನ್ನು ಕಲಿತರು. ತೆರಿಗೆ ರಿಯಾಯಿತಿಯ ಯಾವ ಕಲಮೂ ಇದನ್ನು ಮಾಡಿ ಎಂದು ಕೇಳಿರಲಿಲ್ಲ. ಬಂಡವಾಳ ಸಹಾಯಧನ ಯಂತ್ರ ಎಷ್ಟು ತಂದಿರಿ ಎಂದು ಕೇಳುತ್ತದೆಯೇ ಹೊರತು ಎಷ್ಟು ಮಂದಿಗೆ ಕೆಲಸ ಕಲಿಸಿದಿರಿ ಎಂದಲ್ಲ. ಹತ್ತು ಜನರ ಕೆಲಸವನ್ನು ಒಂದು ಯಂತ್ರಕ್ಕೆ ಒಪ್ಪಿಸಿದವನಿಗೇ ಅದರಲ್ಲಿ ಹೆಚ್ಚು ಗಿಟ್ಟುತ್ತದೆ.

ಬಿ. ಶಿವರಾಮನ್ ಅಧ್ಯಕ್ಷತೆಯ ರಾಷ್ಟ್ರೀಯ ಸಮಿತಿ 1980ರ ಸುಮಾರಿಗೇ ಈ ಕಾಯಿಲೆಯನ್ನು ಪತ್ತೆ ಮಾಡಿತ್ತು: ಸಹಾಯಧನದ ಬಹುಪಾಲು ಬೆಳೆದ ಕೇಂದ್ರಗಳ ನೆರಳಿನಲ್ಲಿರುವ ಕೆಲವೇ ಜಿಲ್ಲೆಗಳಿಗೆ ಹೋಗಿದೆ. ರಿಯಾಯಿತಿ ಹಂಚುವುದಕ್ಕಿಂತ ಆಯ್ದ ಬೆಳವಣಿಗೆ ಕೇಂದ್ರಗಳಿಗೆ ರಸ್ತೆ, ನೀರು, ವಿದ್ಯುತ್ ಕೊಡಿ ಎಂದಿತು. 1988ರಲ್ಲಿ ಸಹಾಯಧನ ನಿಂತು ‘ಗ್ರೋತ್ ಸೆಂಟರ್’ ಯೋಜನೆ ಬಂತು. ಕರ್ನಾಟಕದಲ್ಲಿ ಹಾಸನ, ಧಾರವಾಡ, ರಾಯಚೂರಿಗೆ ಅದು ಸಿಕ್ಕಿತು. ಆರೇ ವರ್ಷದಲ್ಲಿ, 1994ರಲ್ಲಿ, ಹಿಂದುಳಿದ ಜಿಲ್ಲೆಗಳಿಗೆ ಮತ್ತೆ ಆದಾಯ ತೆರಿಗೆ ರಜೆ. ಈ ಸುತ್ತನ್ನು ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಅರ್ಥಶಾಸ್ತ್ರಜ್ಞರು ಅಳೆದು ನೋಡಿದಾಗ, ಹಿಂದುಳಿದವುಗಳಲ್ಲೇ ಕೊಂಚ ಮುಂದಿದ್ದ ಜಿಲ್ಲೆಗಳಿಗೆ ಲಾಭವಾಗಿ, ಪಕ್ಕದಲ್ಲಿದ್ದೂ ಪಟ್ಟಿಗೆ ಸೇರದವಕ್ಕೆ ಹೊಡೆತ ಬಿದ್ದದ್ದು ಕಂಡಿತು.

ರಜೆ ಮುಗಿದ ಮೇಲೆ

ಗುಜರಾತಿನ ಕಛ್ ಒಂದು ಬೇರೆ ಬಗೆ. 2001ರ ಭೂಕಂಪದ ನಂತರ ಅಲ್ಲಿ ಹೊಸ ಕಾರ್ಖಾನೆಗೆ ಐದು ವರ್ಷ ಸುಂಕ ಬಿಟ್ಟರು. ರಜೆ ಮುಗಿದ ಮೇಲೂ ಅಲ್ಲಿ ಕೈಗಾರಿಕೆ ಉಳಿಯಿತು, ಏಕೆಂದರೆ ಕಂಡ್ಲಾ, ಮುಂದ್ರಾ ಬಂದರುಗಳು ಕೂಗಳತೆಯಲ್ಲಿದ್ದವು. ಈಶಾನ್ಯದಲ್ಲಿ ತದ್ವಿರುದ್ಧ. 1999ರಲ್ಲಿ ಅಲ್ಲಿಯ ಕಾರ್ಖಾನೆಗಳಿಗೆ ಸುಂಕ ವಾಪಸು ಕೊಡುವ ಯೋಜನೆ ಬಂದೊಡನೆ ಮೊದಲು ಓಡಿದ್ದು ತಂಬಾಕಿನವರು. ಸಿಗರೇಟಿನ ಬೆಲೆಯಲ್ಲಿ ಸುಂಕವೇ ದೊಡ್ಡ ಪಾಲು. ಸುಂಕ ವಾಪಸು ಬರುವುದಾದರೆ ಕಾರ್ಖಾನೆಯೇ ಒಂದು ನೆಪ. ಕಂಡೋರ ದುಡ್ಡು, ಎಲ್ಲಮ್ಮನ ಜಾತ್ರೆ. ಎರಡು ವರ್ಷದಲ್ಲೇ ಸರ್ಕಾರ ತಂಬಾಕಿಗೆ ಅದನ್ನು ರದ್ದು ಮಾಡಿತು, 2003ರಲ್ಲಿ ಪೂರ್ವಾನ್ವಯವಾಗುವಂತೆ ಕಾನೂನನ್ನೇ ತಿದ್ದಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋಗಿ 2005ರಲ್ಲಿ ಸೋತವು.

ಬದ್ದಿಯಲ್ಲಿ ಹೊಸಬರಿಗೆ ಸುಂಕ ಮಾಫಿಯ ಬಾಗಿಲು ಮುಚ್ಚಿದ್ದು 2010ರ ಮಾರ್ಚ್ 31ಕ್ಕೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಅಬಕಾರಿ ಸುಂಕವೇ ಹೋಯಿತು; ಕೊಟ್ಟ ಮಾತು ಉಳಿಸಿಕೊಳ್ಳಲು ಕೇಂದ್ರ ಬೇರೆ ದಾರಿ ಹಿಡಿಯಿತು. ಮೊದಲು ತೆರಿಗೆ ಕಟ್ಟಿ, ಉಳಿದ ಅವಧಿಗೆ ಕೇಂದ್ರ ಜಿಎಸ್‌ಟಿಯಲ್ಲಿ ಶೇ 58, ಅಂತರರಾಜ್ಯ ಜಿಎಸ್‌ಟಿಯಲ್ಲಿ ಶೇ 29 ವಾಪಸು ಕೊಡುತ್ತೇವೆ ಎಂದಿತು. 58 ಏಕೆಂದರೆ ಬಾಕಿ 42 ಆಗಿನ ಹಣಕಾಸು ಆಯೋಗದ ಸೂತ್ರದಂತೆ ರಾಜ್ಯಗಳ ಪಾಲಾಗಿತ್ತು, ಅದು ದಿಲ್ಲಿಯದಲ್ಲ. 2020ರ ಮಾರ್ಚ್‌ವರೆಗಿನ ಪೌಣೆ ಮೂರು ವರ್ಷಕ್ಕೆ, ಹಿಮಾಲಯದ ಹಾಗೂ ಈಶಾನ್ಯ ರಾಜ್ಯಗಳ 4,284 ಘಟಕಗಳಿಗೆ 27,413 ಕೋಟಿ ರೂಪಾಯಿ ಎತ್ತಿಟ್ಟರು. ಘಟಕವೊಂದಕ್ಕೆ ಸರಾಸರಿ ಆರು ಕೋಟಿಗೂ ಮೇಲೆ. ಈ ಲೆಕ್ಕ ಹಾಕಿದ ಮೇಲೆ ಚಂಬಾದ ಒಂದು ಘಾಟಿ ರಸ್ತೆಯ ರಿಪೇರಿಗೆ ಎಷ್ಟು ಬೇಕು ಎಂದು ಯೋಚಿಸದಿರಲು ನನಗಾಗಲಿಲ್ಲ.

ರಜೆ ಮುಗಿದರೆ ಏನಾಗಬಹುದು ಎಂಬುದಕ್ಕೆ ಕೆರಿಬಿಯನ್ ಸಮುದ್ರದ ಪೋರ್ಟೊ ರಿಕೊವನ್ನು ನೋಡುವವರಿದ್ದಾರೆ. ಅಮೆರಿಕದ ಅಧೀನದಲ್ಲಿರುವ ಈ ದ್ವೀಪಕ್ಕೆ 1976ರಲ್ಲಿ ಆದಾಯ ತೆರಿಗೆ ಕಾಯ್ದೆಯ 936ನೇ ಕಲಮಿನಡಿ ದೊಡ್ಡ ರಿಯಾಯಿತಿ ಸಿಕ್ಕಿತು. ಅಲ್ಲೂ ಮುಗಿಬಿದ್ದದ್ದು ಔಷಧ ಕಂಪನಿಗಳೇ. 1996ರಲ್ಲಿ ಅದನ್ನು ಹತ್ತು ವರ್ಷದಲ್ಲಿ ಹಂತಹಂತವಾಗಿ ಕೈಬಿಡುವ ಕಾನೂನಾಯಿತು. ಆ ಗಡುವು ಮುಗಿದ 2006ರಲ್ಲೇ ದ್ವೀಪ ಆರ್ಥಿಕ ಹಿಂಜರಿತಕ್ಕೆ ಜಾರಿತು. ಸಾಲ, ಚಂಡಮಾರುತ, ವಲಸೆ ಹೀಗೆ ಬೇರೆ ಕಾರಣಗಳೂ ಕೂಡಿಕೊಂಡು, 2000ದಲ್ಲಿ 38 ಲಕ್ಷವಿದ್ದ ಜನಸಂಖ್ಯೆ 2020ರಲ್ಲಿ 33 ಲಕ್ಷಕ್ಕೆ ಇಳಿದಿತ್ತು.

ನಮ್ಮ ಕರ್ನಾಟಕದಲ್ಲಿ, ಹಿಂದುಳಿದಿರುವಿಕೆಯನ್ನು ಅಳೆಯಬೇಕಾದದ್ದು ಜಿಲ್ಲೆಯಲ್ಲೋ ತಾಲ್ಲೂಕಿನಲ್ಲೋ ಎಂಬ ಪ್ರಶ್ನೆಯನ್ನು ಸರಿಯಾಗಿ ಕೇಳಿದವರು ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ. ಪ್ರಾದೇಶಿಕ ಅಸಮಾನತೆ ಕುರಿತ 2002ರ ಅವರ ವರದಿ ಜಿಲ್ಲೆ ಬಿಟ್ಟು ತಾಲ್ಲೂಕಿಗೆ ಇಳಿಯಿತು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲೂ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಕಲಬುರಗಿ ವಿಭಾಗದವಾದರೆ 11 ಬೆಂಗಳೂರು ವಿಭಾಗದವೇ! ರಾಜ್ಯದ ಕೈಗಾರಿಕಾ ನೀತಿಗಳು ಈಗ ವಲಯಗಳನ್ನು ಮಾಡಿಕೊಂಡು ಬೆಂಗಳೂರು ನಗರ, ಗ್ರಾಮಾಂತರ ಜಿಲ್ಲೆಗಳನ್ನು ಕೊನೆಯ ವಲಯಕ್ಕೆ ಹಾಕಿವೆ. ಜಿಎಸ್‌ಟಿ ಸಿಗುವುದು ಸರಕು ಬಳಕೆಯಾಗುವ ರಾಜ್ಯಕ್ಕಾದ್ದರಿಂದ ತೆರಿಗೆ ಮನ್ನಾ ಎಂಬ ಹಳೆಯ ಅಸ್ತ್ರ ಮೊಂಡಾಗಿದೆ. ಈಗ ಬಂಡವಾಳಕ್ಕೆ ಸಹಾಯಧನ, ಮುದ್ರಾಂಕ ಶುಲ್ಕ ಮತ್ತು ವಿದ್ಯುತ್ ತೆರಿಗೆಯಲ್ಲಿ ವಿನಾಯಿತಿ. ಹೆಸರು ಬೇರೆ, ಗೆರೆ ಎಳೆಯುವ ಕೆಲಸ ಅದೇ.

ಕೇಂದ್ರದ ಮಹತ್ವಾಕಾಂಕ್ಷಿ ಪಟ್ಟಿಯಲ್ಲಿ ಕರ್ನಾಟಕದಿಂದ ಇರುವ ಎರಡು ಜಿಲ್ಲೆ ರಾಯಚೂರು ಮತ್ತು ಯಾದಗಿರಿ. ಯಾದಗಿರಿಯ ಕಡೇಚೂರು–ಬಾಡಿಯಾಳದಲ್ಲಿ ದಶಕದ ಹಿಂದೆ ರಾಜ್ಯದ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ (ಕೆಐಎಡಿಬಿ) 3,000ಕ್ಕೂ ಹೆಚ್ಚು ಎಕರೆ ಸ್ವಾಧೀನ ಮಾಡಿಕೊಂಡಿತು. ಜಾಗ ಎಲ್ಲಿದೆ ಎಂದು ಕೇಳಿದರೆ ಮತ್ತೆ ಗಡಿ: ತೆಲಂಗಾಣ ಪಕ್ಕದಲ್ಲೇ ಇದೆ. ಬೆಂಗಳೂರು ದೂರ, ಹೈದರಾಬಾದ್ ಹತ್ತಿರ. ಬಂದದ್ದರಲ್ಲಿ ಹೆಚ್ಚಿನವು ಔಷಧ ಮತ್ತು ರಾಸಾಯನಿಕದ ಘಟಕಗಳು. ಇಲ್ಲಿ ತಯಾರಾಗುವುದು ಬಹುಪಾಲು ಬದ್ದಿಯಂತೆ ಸಿದ್ಧ ಮಾತ್ರೆಯಲ್ಲ, ಮಾತ್ರೆಯ ಒಳಗಿನ ರಾಸಾಯನಿಕ. ಅದರ ವಾಸನೆ ಬೇರೆ. ರಾತ್ರಿ ಹೊತ್ತು ಉಸಿರು ಕಟ್ಟುತ್ತದೆ, ಹಳ್ಳದ ನೀರು ಕೆಟ್ಟಿದೆ ಎಂದು ಸುತ್ತಲಿನ ಹಳ್ಳಿಯವರು ದೂರುತ್ತಲೇ ಇದ್ದಾರೆ. ‘ಕೆಲಸ ಕೊಡ್ತೀವಂದ್ರಿ, ಈಗ ವಾಸನಿ ಕೊಟ್ಟೀರಿ’ ಎಂಬ ಧಾಟಿಯ ಮಾತು ಆ ಭಾಗದಲ್ಲಿ ಯಾರೂ ಆಡಬಹುದಾದದ್ದು.

ಯಾದಗಿರಿ ನಿಲ್ದಾಣದಲ್ಲಿ ಬೆಂಗಳೂರಿನ ಕಡೆಯ ರೈಲು ಬಂದಾಗ ಜನರಲ್ ಬೋಗಿಯ ಬಾಗಿಲಲ್ಲಿ ಈಗಲೂ ಅದೇ ನೂಕುನುಗ್ಗಲು. ಜೋಳದ ಹಿಟ್ಟಿನ ಚೀಲ, ಹಾಸಿಗೆಯ ಸುರುಳಿ, ಚಿಕ್ಕ ಗ್ಯಾಸ್ ಒಲೆ, ಸೊಂಟದ ಮೇಲೊಂದು ಕೂಸು. ಬೆಳಗಾಗುವ ಹೊತ್ತಿಗೆ ಯಲಹಂಕದಲ್ಲಿ ಇಳಿದು, ಮೇಸ್ತ್ರಿ ಹೇಳಿದ ಕಟ್ಟಡದ ಕಡೆ ಆಟೊ ಹತ್ತುತ್ತಾರೆ.